ಅಲಾರಂ ನಮ್ಮ ಮನೆಯದು, ಕೋಡ್ ಮಾತ್ರ ಬೇರೆಯವರ ಹತ್ತಿರ ಯಾಕೆ?

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ಶಾಮನೂರು ರಸ್ತೆ ಕಡೆಯ ಹೊಸ ಮನೆಗಳಲ್ಲಿ ಈಗ ಬಾಗಿಲ ಪಕ್ಕ ಒಂದು ಕೀಪ್ಯಾಡ್ ಕಾಣಿಸುತ್ತದೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಅವರೂ ಮಗಳ ಮನೆಗೆ ಅಂತ ಎರಡು ತಿಂಗಳು ಹೋದರೆ ಇಲ್ಲಿ ಬೀಗ. ಹಾಗಾಗಿ ಕ್ಯಾಮೆರಾ ಜೊತೆಗೆ ಕಳ್ಳತನದ ಅಲಾರಂ ಕೂಡ ಹಾಕಿಸುತ್ತಾರೆ. ಒಳ್ಳೇದೇ. ಆದರೆ ಆ ಮನೆಯವರನ್ನು ಒಂದು ಮಾತು ಕೇಳಿ ನೋಡಿ: ನಿಮ್ಮ ಅಲಾರಂನ ಇನ್‌ಸ್ಟಾಲರ್ ಕೋಡ್ ನಿಮ್ಮ ಹತ್ತಿರ ಇದೆಯಾ? ಅಂಥದ್ದೊಂದು ಇದೆ ಅಂತಲೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದವರು "ಅದು ಫಿಟ್ ಮಾಡಿದವರ ಹತ್ರ ಇರುತ್ತಲ್ವಾ" ಅನ್ನುತ್ತಾರೆ. ಮ್ಯಾನುವಲ್ ಎಲ್ಲಿ ಅಂದರೆ, ಖಾಲಿ ಡಬ್ಬದ ಜೊತೆ ಅದೂ ಹೋಗಿರುತ್ತದೆ.

ಇದು ಸಣ್ಣ ವಿಷಯ ಅಂತ ಬಿಡುವಂಥದ್ದಲ್ಲ. ದುಡ್ಡು ಕೊಟ್ಟು ಕೊಂಡ ವಸ್ತು, ಅದೂ ಮನೆಯ ಬಾಗಿಲು ಕಾಯುವ ವಸ್ತು. ಅದರ ಮೇಲಿನ ಪೂರ್ತಿ ಹಿಡಿತ ಕೊಂಡವರಿಗೇ ಇರಬೇಕು. ಕೋಡ್‌ಗಳೂ ಮ್ಯಾನುವಲ್‌ಗಳೂ ಅಲಾರಂ ಕೂರಿಸಿದ ದಿನವೇ ಮನೆಯವರ ಕೈಗೆ ಬರಬೇಕು. ಆ ದಿನವೇ ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಕೋಡ್‌ಗಳ ವಿಷಯ. ಸಾಮಾನ್ಯವಾಗಿ ಅಲಾರಂನ ಮುಖ್ಯ ಪೆಟ್ಟಿಗೆಯಾದ ಪ್ಯಾನೆಲ್‌ನಲ್ಲಿ ಮೂರು ಮಟ್ಟ ಇರುತ್ತದೆ. ದಿನಾ ಒತ್ತಿ ಅಲಾರಂ ಆನ್ ಆಫ್ ಮಾಡುವುದು ಯೂಸರ್ ಕೋಡ್. ಅದರ ಮೇಲೆ ಮಾಸ್ಟರ್ ಕೋಡ್, ಹೊಸಬರಿಗೆ ಕೋಡ್ ಕೊಡುವುದು, ಹಳೆಯದನ್ನು ತೆಗೆಯುವುದು ಅದರಿಂದ. ಇನ್ನೂ ಮೇಲೆ ಇನ್‌ಸ್ಟಾಲರ್ ಕೋಡ್. ಯಾವ ಸೆನ್ಸರ್ ಯಾವ ಝೋನ್ (ಮನೆಯ ಯಾವ ಜಾಗಕ್ಕೆ ಸೇರಿದ್ದು), ಬಾಗಿಲು ತೆರೆದ ಎಷ್ಟು ಸೆಕೆಂಡಿಗೆ ಸೈರನ್ ಕೂಗಬೇಕು, ಎಷ್ಟು ಹೊತ್ತು ಕೂಗಬೇಕು, ಯಾವ ನಂಬರಿಗೆ ಫೋನ್ ಹೋಗಬೇಕು, ಇದೆಲ್ಲ ಬಹಳಷ್ಟು ಪ್ಯಾನೆಲ್‌ಗಳಲ್ಲಿ ಈ ಮೂರನೇ ಕೋಡ್ ಇಲ್ಲದೆ ಬದಲಾಗುವುದಿಲ್ಲ. ಮ್ಯಾನುವಲ್ ಕೂಡ ಎರಡು. ಯೂಸರ್ ಮ್ಯಾನುವಲ್ ತೆಳ್ಳಗಿರುತ್ತದೆ, ಅದು ಕೆಲವರಿಗಾದರೂ ಸಿಗುತ್ತದೆ. ದಪ್ಪದ್ದು ಇನ್‌ಸ್ಟಾಲೇಷನ್ ಮ್ಯಾನುವಲ್. ವೈರಿಂಗ್, ಪ್ರೋಗ್ರಾಮಿಂಗ್, ಝೋನ್ ವೈರಿನ ತುದಿಗೆ ಹಾಕುವ ರೆಸಿಸ್ಟರ್ ಎಷ್ಟು ಓಮ್ಸ್ ಅನ್ನುವುದು, ಎಲ್ಲ ಅದರಲ್ಲಿ. ಈ ರೆಸಿಸ್ಟರ್ ಒಂದೊಂದು ಕಂಪನಿ ಪ್ಯಾನೆಲ್‌ಗೆ ಒಂದೊಂದು ಅಳತೆಯದು. ತಪ್ಪು ಹಾಕಿದರೆ ಬಾಗಿಲು ಮುಚ್ಚಿದ್ದರೂ ತೆರೆದಿದೆ ಅಂತ ಪ್ಯಾನೆಲ್ ಹಟ ಹಿಡಿಯುತ್ತದೆ.

ಈಗ ವಿದ್ಯಾನಗರದ ನಮ್ಮ ದೊಡ್ಡಮ್ಮನ ಮನೆ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪ ಇದ್ದಾಗ ಹಾಕಿಸಿದ ಅಲಾರಂ. ಅಲಾರಂ ಹೊಡೆದರೆ ಮೊದಲ ಫೋನ್ ದೊಡ್ಡಪ್ಪನ ಮೊಬೈಲಿಗೆ ಹೋಗುವಂತೆ ಇಟ್ಟಿದ್ದರು. ದೊಡ್ಡಪ್ಪ ತೀರಿಕೊಂಡರು, ಆ ನಂಬರ್ ಬಂದ್ ಆಯಿತು. ಅಲಾರಂ ಮಾತ್ರ ಆಮೇಲೂ ಮೊದಲು ಅದೇ ನಂಬರಿಗೆ ಹಚ್ಚಿ, ಅಲ್ಲಿ ಯಾರೂ ಎತ್ತದೆ, ಆಮೇಲೆ ಎರಡನೇ ನಂಬರಿಗೆ ಬರುತ್ತಿತ್ತು. ಎರಡನೆಯದು ಬೆಂಗಳೂರಲ್ಲಿರುವ ಮಗನದು. ದೊಡ್ಡಮ್ಮನ ನಂಬರ್ ಪಟ್ಟಿಯಲ್ಲೇ ಇಲ್ಲ. ಹಾಕಿಸೋಣ ಅಂದರೆ ಕೋಡ್ ಬೇಕು. ಕೂರಿಸುವಾಗ ದೊಡ್ಡಮ್ಮ ಕೇಳಿದ್ದರಂತೆ, ಬಂದ ಹುಡುಗ "ಅಮ್ಮಾರೆ, ಅದು ನಮ್ ಕೋಡು, ನಿಮಗ್ಯಾಕ್ರಿ? ಏನಾದ್ರೂ ಆದ್ರೆ ಫೋನ್ ಮಾಡ್ರಿ, ನಾವೇ ಬರ್ತೀವಿ" ಅಂದಿದ್ದ. ಆ ಅಂಗಡಿ ಮುಚ್ಚಿ ಕಾಲವಾಯಿತು, ಫೋನ್ ನಂಬರೂ ಚಾಲ್ತಿಯಲ್ಲಿಲ್ಲ.

ಇದರ ಮೇಲೆ ಬ್ಯಾಟರಿ ಸಮಸ್ಯೆ. ಪ್ಯಾನೆಲ್ ಡಬ್ಬದೊಳಗೆ 12 ವೋಲ್ಟಿನ ಸಣ್ಣ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ, ಸ್ಕೂಟರ್ ಬ್ಯಾಟರಿಯಷ್ಟು ಗಾತ್ರದ್ದು. ಮೂರರಿಂದ ಐದು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಬೇಸಿಗೆಯಲ್ಲಿ ಬೆಸ್ಕಾಂನವರು ಕರೆಂಟ್ ತೆಗೆದಾಗಲೆಲ್ಲ ಕೀಪ್ಯಾಡ್ ಕೀಂ ಕೀಂ ಅನ್ನಲು ಶುರು ಮಾಡುತ್ತದೆ. ಬ್ಯಾಟರಿ ಬದಲಿಸೋಣ ಅಂತ ಡಬ್ಬ ತೆಗೆದರೆ ಒಳಗಿನ ಟ್ಯಾಂಪರ್ ಸ್ವಿಚ್ ಬಿಟ್ಟುಕೊಂಡು ಸೈರನ್ ಬಡಿಯುತ್ತದೆ, ಕಳ್ಳ ಡಬ್ಬ ಬಿಚ್ಚಿದರೆ ಗೊತ್ತಾಗಲಿ ಅಂತ ಇಟ್ಟ ಸ್ವಿಚ್ ಅದು. ಇನ್‌ಸ್ಟಾಲರ್ ಕೋಡ್ ಒತ್ತಿ ಸರ್ವೀಸ್ ಮೋಡಿಗೆ ಹಾಕಿದರೆ ಸದ್ದಿಲ್ಲದೆ ಮುಗಿಯುವ ಕೆಲಸ. ಕೋಡ್ ಇಲ್ಲದ ಮನೆಯಲ್ಲಿ ಓಣಿಯವರೆಲ್ಲ ಆಚೆ ಬರುತ್ತಾರೆ. ಕೊನೆಗೆ ದೊಡ್ಡಮ್ಮ ಪ್ಲಗ್ಗನ್ನೇ ಕಿತ್ತು ಬಿಟ್ಟರು. ಸಾವಿರಾರು ರೂಪಾಯಿ ಹಾಕಿದ ಅಲಾರಂ ಈಗ ಗೋಡೆ ಮೇಲೆ ಸುಮ್ನೆ ಕೂತಿದೆ.

ಬೇರೆ ಟೆಕ್ನಿಷಿಯನ್‌ನನ್ನು ಕರೆಸಿದರೆ? ಅವನು ಬಂದು ನೋಡಿ, ಬೋರ್ಡನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರಬೇಕು ಅನ್ನುತ್ತಾನೆ. ಹಾಗೆ ಮಾಡಿದರೆ ಝೋನ್‌ಗಳ ವಿವರ, ನಂಬರ್‌ಗಳು, ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ, ಮೊದಲಿಂದ ಪ್ರೋಗ್ರಾಂ ಮಾಡಬೇಕು. ಕೆಲವು ಪ್ಯಾನೆಲ್‌ಗಳಲ್ಲಿ ಅದೂ ಆಗುವುದಿಲ್ಲ. ಇನ್‌ಸ್ಟಾಲರ್ ಲಾಕ್‌ಔಟ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಕೂರಿಸಿದವರು ಅದನ್ನು ಹಾಕಿ ಹೋಗಿದ್ದರೆ ಬೋರ್ಡಿನ ಮೇಲಿನ ರಿಸೆಟ್ ಕೂಡ ಕೆಲಸ ಮಾಡದು. ಕರೆಂಟ್ ಕೊಟ್ಟ ಕೂಡಲೇ ಒಳಗಿನ ರಿಲೇ ಅನ್ನುವ ಸಣ್ಣ ಸ್ವಿಚ್ ಟಕ್ ಟಕ್ ಅಂತ ಹತ್ತು ಸಲ ಬಡಿದು ಲಾಕ್ ಆಗಿದೆ ಅಂತ ಹೇಳುವ ಪ್ಯಾನೆಲ್‌ಗಳೂ ಇವೆ. ಆಗ ಉಳಿಯುವ ದಾರಿ ಹೊಸ ಬೋರ್ಡ್. ಸೆನ್ಸರ್, ವೈರಿಂಗ್, ಸೈರನ್ ಎಲ್ಲ ಚೆನ್ನಾಗಿದ್ದರೂ ನಾಲ್ಕೋ ಆರೋ ಅಂಕಿ ಗೊತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಳ್ಳೆಯ ಬೋರ್ಡ್ ಗುಜರಿಗೆ ಹೋಗುತ್ತದೆ. ನನಗೆ ಸಂಕಟವಾಗುವುದು ಇಲ್ಲೇ.

ಸಿಮ್ ಹಾಕುವ ಜಿಎಸ್‌ಎಂ ಅಲಾರಂಗಳದ್ದು ಇನ್ನೊಂದು ತೊಂದರೆ. ಹಳೆಯವು 2ಜಿ ಮಾತ್ರ ಅರಿಯುವಂಥವು. ಜಿಯೋಗೆ 2ಜಿ ಇಲ್ಲ, ಹಾಗಾಗಿ ಆ ಸಿಮ್ ಅದರಲ್ಲಿ ಓಡದು. ರೀಚಾರ್ಜ್ ಮುಗಿದರೆ ಅಲಾರಂ ಯಾರಿಗೂ ಹೇಳದೆ ಮೂಕವಾಗುತ್ತದೆ. ಸಿಮ್ ಬದಲಿಸಬೇಕು, ನಂಬರ್ ಬದಲಿಸಬೇಕು, ಒಮ್ಮೆ ಟೆಸ್ಟ್ ಮಾಡಿ ನೋಡಬೇಕು. ಇದ್ಯಾವುದೂ ಇಂಜಿನಿಯರೇ ಮಾಡಬೇಕಾದ ಕೆಲಸವಲ್ಲ. ಮ್ಯಾನುವಲ್‌ನ ಒಂದು ಪುಟ ಇದ್ದರೆ ಪಿಯುಸಿ ಓದುವ ಮೊಮ್ಮಗಳು ಮಾಡುತ್ತಾಳೆ.

ಹಾಗಾದರೆ ಯಾಕೆ ಕೊಡುವುದಿಲ್ಲ? ಕೂರಿಸುವವರ ಕಡೆಯ ಮಾತನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲದೆ ಇಲ್ಲ. ಮನೆಯವರು ಏನೋ ಒತ್ತಿ ಸೆಟ್ಟಿಂಗ್ ಕೆಡಿಸುತ್ತಾರೆ, ಮಧ್ಯರಾತ್ರಿ ಸೈರನ್ ಕೂಗುತ್ತದೆ, ಬೈಗುಳ ಮಾತ್ರ ನಮಗೆ ಅನ್ನುತ್ತಾರೆ. ನಿಜ, ಹಾಗಾಗುತ್ತದೆ. ವಾರಂಟಿ ಇರುವಾಗ ಯಾರು ಕೆಡಿಸಿದ್ದು ಅನ್ನುವ ಜಗಳವೂ ನಿಜ. ಅದಕ್ಕೆ ದಾರಿ ಇದೆ. ಬಹಳ ಪ್ಯಾನೆಲ್‌ಗಳು ಯಾವಾಗ ಪ್ರೋಗ್ರಾಂ ಮೋಡಿಗೆ ಹೋದರು ಅನ್ನುವುದನ್ನು ತಾರೀಖು ಗಂಟೆ ಸಮೇತ ಬರೆದಿಟ್ಟುಕೊಳ್ಳುತ್ತವೆ, ಜಗಳ ಬಂದರೆ ಅದನ್ನು ತೆಗೆದು ನೋಡಬಹುದು. ಮನೆಯವರು ಸೆಟ್ಟಿಂಗ್ ಬದಲಿಸಿದರೆ ಮುಂದಿನ ಸರ್ವೀಸಿಗೆ ದುಡ್ಡು ಅಂತ ಮೊದಲೇ ಹೇಳಬಹುದು. ಯಾರೂ ಬೇಡ ಅನ್ನುವುದಿಲ್ಲ. ಆದರೆ ಕೋಡ್ ಹಿಡಿದಿಟ್ಟುಕೊಂಡರೆ ಗಿರಾಕಿ ಬೇರೆ ಕಡೆ ಹೋಗಲಾರ, ಎಎಂಸಿ (ವಾರ್ಷಿಕ ನಿರ್ವಹಣೆ) ದುಡ್ಡು ವರ್ಷ ವರ್ಷ ಬರುತ್ತದೆ ಅನ್ನುವ ಲೆಕ್ಕವೂ ಹಲವರಲ್ಲಿ ಇದೆ. ಇದು ಮಾತ್ರ ಸರಿಯಲ್ಲ. ಒಳ್ಳೆ ಕೆಲಸ ಮಾಡಿ ಗಿರಾಕಿಯನ್ನು ಉಳಿಸಿಕೊಳ್ಳಿ, ಬೀಗ ಹಾಕಿ ಉಳಿಸಿಕೊಳ್ಳುವುದು ವ್ಯಾಪಾರವಲ್ಲ.

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಕಾರಣ: ಕೋಡ್, ಮ್ಯಾನುವಲ್ ಹೊರಗೆ ಬಿದ್ದರೆ ಕಳ್ಳರಿಗೆ ಅನುಕೂಲ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಕಳ್ಳರು ಕೆಲಸ ಮಾಡುವ ರೀತಿಯನ್ನೇ ನೋಡಿ. ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ ಎಸ್‌ಬಿಐ ಶಾಖೆಗೆ ಕನ್ನ ಬಿತ್ತು, 17 ಕೆಜಿಗೂ ಹೆಚ್ಚು ಚಿನ್ನ ಹೋಯಿತು. ಕಿಟಕಿಯ ಕಬ್ಬಿಣದ ಗ್ರಿಲ್ ತೆಗೆದು ನುಗ್ಗಿದರು, ಸಿಸಿಟಿವಿ ಮತ್ತು ಅಲಾರಂನ ಸಂಪರ್ಕ ಕಡಿದರು, ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದರು, ಹೋಗುವಾಗ ಕ್ಯಾಮೆರಾ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆ ಹೊತ್ತೊಯ್ದು ಖಾರದ ಪುಡಿ ಎರಚಿದರು. ಪೊಲೀಸರು 2025ರ ಮಾರ್ಚ್‌ನಲ್ಲಿ ಪ್ರಕರಣ ಭೇದಿಸಿ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಚಿನ್ನ ಮೇಲೆತ್ತಿದರು. ಅದು ಬ್ಯಾಂಕು, ನಮ್ಮದು ಮನೆ, ಒಪ್ಪಿದೆ. ಆದರೂ ಗಮನಿಸಿ, ಅಷ್ಟು ತಯಾರಿ ಮಾಡಿಕೊಂಡು ಬಂದವರೂ ಗ್ರಿಲ್ ಮತ್ತು ವೈರಿಗೇ ಕೈ ಹಾಕಿದರು. ಮನೆ ಕಳ್ಳನ ಕೈಯಲ್ಲಿ ಇರುವುದೂ ರಾಡು. ಬಾಗಿಲು ಮೀಟಿದ ಮೇಲೆ ಅವನಿಗೆ ಸಿಗುವುದು ಅರ್ಧ ನಿಮಿಷವೋ ಒಂದು ನಿಮಿಷವೋ, ಅಷ್ಟರಲ್ಲಿ ನಿಂತು ಮ್ಯಾನುವಲ್ ತಿರುವುತ್ತಾನೆಯೇ? ಅವನಿಗೆ ಬೇಕಾದ್ದು ಯೂಸರ್ ಕೋಡ್, ಮನೆಯವರು ತಾವೇ ಬದಲಿಸಿ ಇಟ್ಟುಕೊಂಡ ಆ ಕೋಡ್ ಯಾವ ಮ್ಯಾನುವಲ್‌ನಲ್ಲೂ ಇರುವುದಿಲ್ಲ.

ಈ ವಾದ ಹಳೆಯದು ಕೂಡ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಬೀಗದ ಕುಶಲಕರ್ಮಿ ಆಲ್ಫ್ರೆಡ್ ಹಾಬ್ಸ್, ಯಾರಿಂದಲೂ ತೆಗೆಯಲಾಗದು ಎಂದು ಹೆಸರಾಗಿದ್ದ ಚಬ್ ಬೀಗವನ್ನೂ ಬ್ರಾಮಾ ಬೀಗವನ್ನೂ ತೆಗೆದು ತೋರಿಸಿದ. ಬ್ರಾಮಾ ಬೀಗಕ್ಕೆ 16 ದಿನಗಳಲ್ಲಿ ಒಟ್ಟು 51 ಗಂಟೆ ಹಿಡಿಯಿತು. ಬೀಗದ ಗುಟ್ಟು ಬಯಲು ಮಾಡಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತೆ ಅಂತ ಆಗಲೂ ಗಲಾಟೆ ಎದ್ದಿತ್ತು. ಕಳ್ಳರಿಗೆ ಅದು ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದೆ ಇರುವವರು ಬೀಗ ಕೊಂಡವರು ಮಾತ್ರ ಅನ್ನುವುದು ಹಾಬ್ಸ್ ಕಡೆಯವರ ಉತ್ತರ. 1883ರಲ್ಲಿ ಆಗುಸ್ತ್ ಕೆರ್ಕಾಫ್ಸ್ ಎಂಬ ವಿದ್ವಾಂಸ ಸೇನೆಯ ಗುಪ್ತಲಿಪಿಗಳ ಬಗ್ಗೆ ಬರೆಯುತ್ತಾ, ಇಡೀ ವ್ಯವಸ್ಥೆ ಶತ್ರುವಿನ ಕೈಗೆ ಸಿಕ್ಕರೂ ಕೀಲಿ ಒಂದು ಗುಟ್ಟಾಗಿದ್ದರೆ ಅದು ಭದ್ರವಾಗಿರಬೇಕು ಅಂದ. ಇವತ್ತಿನ ಬ್ಯಾಂಕ್ ವ್ಯವಹಾರದ ಗುಪ್ತೀಕರಣವೂ ಇದೇ ತತ್ವದ ಮೇಲೆ ನಿಂತಿದೆ. ಮ್ಯಾನುವಲ್ ಓದಿದರೆ ಮುರಿದುಬೀಳುವ ಅಲಾರಂ ಆದರೆ ಅದು ಮ್ಯಾನುವಲ್ಲಿನ ತಪ್ಪಲ್ಲ, ಅಲಾರಂನದು.

ನಿಜವಾದ ಅಪಾಯ ಬೇರೆ ಕಡೆ ಇದೆ. ಕೂರಿಸುವವರಲ್ಲಿ ಎಷ್ಟೋ ಜನ ತಾವು ಹಾಕಿದ ಎಲ್ಲ ಮನೆಗಳಿಗೂ ಒಂದೇ ಇನ್‌ಸ್ಟಾಲರ್ ಕೋಡ್ ಇಡುತ್ತಾರೆ, ನೆನಪಿಟ್ಟುಕೊಳ್ಳಲು ಸುಲಭ ಅಂತ. ಇಲ್ಲವೇ ಕಂಪನಿ ಹಾಕಿ ಕಳಿಸಿದ್ದನ್ನು ಬದಲಿಸುವುದೇ ಇಲ್ಲ. ಹಾಗೆ ಕಳಿಸಿದ ಕೋಡ್ ಮ್ಯಾನುವಲ್‌ನಲ್ಲೇ ಅಚ್ಚಾಗಿರುತ್ತದೆ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ. ಅಂದರೆ ಕೆಲಸ ಬಿಟ್ಟು ಹೋದ ಒಬ್ಬ ಹುಡುಗನಿಗೆ ಇಡೀ ಬಡಾವಣೆಯ ಕೋಡ್ ಗೊತ್ತು, ಮನೆಯ ಯಜಮಾನರಿಗೆ ಮಾತ್ರ ಗೊತ್ತಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ಎಡಿಟಿ ಎಂಬ ಅಲಾರಂ ಕಂಪನಿಯ ಒಬ್ಬ ಟೆಕ್ನಿಷಿಯನ್, ಗಿರಾಕಿಗಳ ಖಾತೆಗೆ ತನ್ನ ಇಮೇಲ್ ಸೇರಿಸಿಕೊಂಡು 200ಕ್ಕೂ ಹೆಚ್ಚು ಮನೆಗಳ ಕ್ಯಾಮೆರಾಗಳನ್ನು ನಾಲ್ಕೂವರೆ ವರ್ಷದಲ್ಲಿ 9,600ಕ್ಕೂ ಹೆಚ್ಚು ಸಲ ಕದ್ದು ನೋಡಿದ್ದ. 2021ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಹೊರಗಿನ ಕಳ್ಳನ ಭಯ ಹೇಳಿ ಮನೆಯವರನ್ನು ದೂರ ಇಡುವವರು ಈ ಒಳಗಿನ ಬಾಗಿಲಿನ ಬಗ್ಗೆ ಯಾಕೆ ಮಾತಾಡುವುದಿಲ್ಲ?

2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿದ್ದು ಕಾರ್ಖಾನೆಯಲ್ಲಿ ಹಾಕಿದ, ಯಾರೂ ಬದಲಿಸದ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳನ್ನು ಒಂದೊಂದೇ ಹಾಕಿ ನೋಡಿ. ಅದರ ನಂತರವೇ ಸರ್ಕಾರಗಳು ಎಚ್ಚೆತ್ತದ್ದು. ಇಂಟರ್ನೆಟ್ಟಿಗೆ ಸೇರುವ ಪ್ರತಿ ಸಾಧನಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು, ಇಲ್ಲವೇ ಮೊದಲ ಸಲವೇ ಬದಲಿಸುವಂತೆ ಮಾಡಬೇಕು ಅನ್ನುವ ಕ್ಯಾಲಿಫೋರ್ನಿಯಾದ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ. ಬ್ರಿಟನ್ನಿನಲ್ಲಿ ಅಂಥದ್ದೇ ನಿಯಮ 2024ರ ಏಪ್ರಿಲ್ 29ರಿಂದ ಬಂತು. ಅಲಾರಂಗಳಿಗೇ ಅಂತ ಯುರೋಪಿನಲ್ಲಿರುವ ಇಎನ್ 50131 ಮಾನದಂಡ ನನಗೆ ಇನ್ನೂ ಹಿಡಿಸುತ್ತದೆ. ಅದರಲ್ಲಿ ಬಳಸುವವರದು ಎರಡನೇ ಮಟ್ಟ, ಇನ್‌ಸ್ಟಾಲರ್‌ದು ಮೂರನೇ ಮಟ್ಟ. ಆದರೆ ಎರಡನೇ ಮಟ್ಟದವರು ಅನುಮತಿ ಕೊಡದೆ ಮೂರನೆಯವರು ಒಳಗೆ ಹೋಗುವಂತಿಲ್ಲ. ಮನೆಯವರು ಮೊದಲು ತಮ್ಮ ಕೋಡ್ ಒತ್ತಬೇಕು, ಆಮೇಲೆ ಇನ್‌ಸ್ಟಾಲರ್. ನಮ್ಮಲ್ಲಿ ನಡೆಯುವುದಕ್ಕೆ ಪೂರಾ ಉಲ್ಟಾ.

ಈಗ "ಅದೇ ದಿನ ಯಾಕೆ" ಅನ್ನುವುದಕ್ಕೆ ಬರುತ್ತೇನೆ. ಕೋಡ್ ಮರೆತವರು ಕಂಪನಿಗೆ ಫೋನ್ ಮಾಡಿದರೆ ಕಂಪನಿಯವರು ಕೊಡುವುದಿಲ್ಲ, ಡೀಲರ್ ಹತ್ತಿರ ಹೋಗಿ ಅನ್ನುತ್ತಾರೆ. ಇದಕ್ಕೆ ಕಂಪನಿಯನ್ನು ಪೂರ್ತಿ ಬೈಯಲಾಗದು. ಫೋನಿನ ಆ ಕಡೆ ಇರುವುದು ಮನೆಯವರೋ, ಆ ಮನೆಯ ಬಾಡಿಗೆದಾರರೋ, ಗೋಡೆ ಮೇಲಿನ ಪ್ಯಾನೆಲ್ ನೋಡಿಕೊಂಡು ಹೋದ ಬೇರೆ ಯಾರೋ, ಅವರಿಗೆ ಹೇಗೆ ಗೊತ್ತಾಗಬೇಕು? ಬಿಲ್ ಕೇಳಬೇಕು, ಸೀರಿಯಲ್ ನಂಬರ್ ಕೇಳಬೇಕು, ಬಿಲ್ ತೀರಿಹೋದ ದೊಡ್ಡಪ್ಪನ ಹೆಸರಲ್ಲಿ ಇರುತ್ತದೆ. ವರ್ಷಗಳು ಕಳೆದಷ್ಟೂ ಯಾರು ಯಾರು ಅಂತ ಪತ್ತೆ ಮಾಡುವುದು ಕಷ್ಟ. ಆದರೆ ಕೂರಿಸಿದ ದಿನ ಈ ಗೊಂದಲವೇ ಇಲ್ಲ. ಮನೆಯವರು ಎದುರಿಗೇ ನಿಂತಿರುತ್ತಾರೆ, ಟೀ ಕೊಟ್ಟಿರುತ್ತಾರೆ, ದುಡ್ಡು ಅವರೇ ಎಣಿಸುತ್ತಿರುತ್ತಾರೆ. ಆ ಗಳಿಗೆಯಲ್ಲಿ ಕೋಡ್ ಕೊಡುವುದಕ್ಕೆ ಯಾವ ಪರೀಕ್ಷೆಯೂ ಬೇಡ. ಆ ದಿನ ತಪ್ಪಿತೋ, ಮುಂದೆ ಒಳ್ಳೆಯ ಕಂಪನಿಗೂ ಕೊಡುವುದು ಕಷ್ಟ, ನಿಜವಾದ ಯಜಮಾನರಿಗೂ ಪಡೆಯುವುದು ಕಷ್ಟ.

ಒಂದು ಕಡೆ ಮಾತ್ರ ನನ್ನ ಮಾತು ನಡೆಯದು. ಪ್ಯಾನೆಲ್ ಕಂಪನಿಯದೇ ಆಗಿದ್ದು, ನೀವು ತಿಂಗಳಿಗಿಷ್ಟು ಕೊಟ್ಟು ಬಾಡಿಗೆಗೆ ಇಟ್ಟುಕೊಂಡು, ಅವರ ಕಂಟ್ರೋಲ್ ರೂಮಿಗೆ ಸಿಗ್ನಲ್ ಹೋಗುವ ವ್ಯವಸ್ಥೆ ಇದ್ದರೆ ಅಲ್ಲಿ ಅವರ ಕೋಡ್ ಅವರ ಹತ್ತಿರ ಇರುವುದು ನ್ಯಾಯವೇ. ಯಾವುದು ಬಾಡಿಗೆ, ಯಾವುದು ಸ್ವಂತ ಅನ್ನುವುದು ಕಾಗದದಲ್ಲಿ ಸ್ಪಷ್ಟ ಇರಬೇಕು ಅಷ್ಟೆ. ನಮ್ಮ ಊರಿನ ಮನೆಗಳಲ್ಲಿ ನಾನು ನೋಡಿದ್ದೆಲ್ಲ ಪೂರ್ತಿ ದುಡ್ಡು ಕೊಟ್ಟು ಕೊಂಡವೇ.

ಕಾನೂನು ಏನು ಹೇಳುತ್ತದೆ? ಅಲಾರಂ ಕೋಡ್ ಅಂತ ಹೆಸರೆತ್ತಿ ಹೇಳುವ ಕಾನೂನನ್ನು ನೆಚ್ಚಿಕೊಳ್ಳುವ ಸ್ಥಿತಿ ಇಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿದುಕೊಳ್ಳಲು ಎಳೆಗಳಿವೆ. ಸರಿಯಾಗಿ ಬಳಸುವ ಬಗ್ಗೆ ಸಾಕಷ್ಟು ಸೂಚನೆ ಕೊಡದೆ ಹಾನಿಯಾದರೆ ತಯಾರಕರು ಹೊಣೆ ಅನ್ನುತ್ತದೆ 84ನೇ ಕಲಂ, ಸೇವೆ ಕೊಟ್ಟವರ ಬಗ್ಗೆ ಅಂಥದ್ದೇ ಮಾತು 85ನೇ ಕಲಂನಲ್ಲಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಕೂಡ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಇವು ನಾಲ್ಕು ವಿಭಾಗ. ಮ್ಯಾನುವಲ್ ಗಿರಾಕಿಗೆ ಸಿಗಬೇಕು, ಹೊರಗಿನ ಮೆಕ್ಯಾನಿಕ್ ಹತ್ತಿರವೂ ರಿಪೇರಿ ಮಾಡಿಸುವಂತಿರಬೇಕು ಅನ್ನುವುದೇ ಅದರ ಆಶಯ. ಟ್ರ್ಯಾಕ್ಟರ್‌ಗೆ ಸಲ್ಲುವ ಮಾತು ಮನೆ ಕಾಯುವ ಪೆಟ್ಟಿಗೆಗೂ ಸಲ್ಲಬೇಕು, ಅಲ್ವಾ? ಭದ್ರತೆಯ ಸಾಧನಗಳನ್ನು ಆ ಪಟ್ಟಿಗೆ ಸೇರಿಸಬೇಕು ಅನ್ನುವುದು ನನ್ನ ಒತ್ತಾಯ.

ಅಲ್ಲಿಯವರೆಗೆ ಕಾಯುತ್ತಾ ಕೂರುವುದು ಬೇಡ. ಕೋಡ್ ಕೊಡದಿದ್ದರೆ ಮೊದಲು ಬರಹದಲ್ಲಿ ಕೇಳಿ, ವಾಟ್ಸಾಪ್ ಆದರೂ ಸರಿ, ಬಿಲ್ಲಿನ ಫೋಟೊ ಜೊತೆ. ಆಗಲಿಲ್ಲ ಅಂದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಆಮೇಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ಕೋಡ್ ಕೈಗೆ ಬಂದ ಮೇಲೆ ಜವಾಬ್ದಾರಿಯೂ ಬರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದೇ ದಿನ ಮಾಸ್ಟರ್ ಕೋಡ್, ಇನ್‌ಸ್ಟಾಲರ್ ಕೋಡ್ ಎರಡನ್ನೂ ಬದಲಿಸಿ. ಪ್ಯಾನೆಲ್ ಡಬ್ಬದ ಮೇಲೆ ಪೆನ್ನಿನಲ್ಲಿ ಬರೆಯಬೇಡಿ, ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಮನೆ ಪತ್ರ ಇಡುವ ಬೀರುವಿನಲ್ಲಿ, ಝೋನ್ ಪಟ್ಟಿ ಮತ್ತು ಮ್ಯಾನುವಲ್ ಜೊತೆ ಒಂದು ಕವರಿನಲ್ಲಿಡಿ, ಅದು ಎಲ್ಲಿದೆ ಅಂತ ಮನೆಯ ಇನ್ನೊಬ್ಬರಿಗೆ ಗೊತ್ತಿರಲಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬರುತ್ತಾರಲ್ಲ, ಆಗ ನಿಮ್ಮ ಕೋಡ್ ಹೇಳುವ ಬದಲು ಅವರಿಗೆ ಬೇರೆ ಯೂಸರ್ ಕೋಡ್ ಹಾಕಿ, ಜಾತ್ರೆ ಮುಗಿದ ಮೇಲೆ ತೆಗೆಯಿರಿ. ಮ್ಯಾನುವಲ್ ಇದ್ದರೆ ಎರಡು ನಿಮಿಷದ ಕೆಲಸ. ಮ್ಯಾನುವಲ್ ಓದಿದರೆ ತಿಳಿಯುವ ಇನ್ನೊಂದು ಸಂಗತಿ, ಹಲವು ಪ್ಯಾನೆಲ್‌ಗಳಲ್ಲಿ ಒತ್ತಾಯದ ಕೋಡ್ ಅಂತ ಇರುತ್ತದೆ. ಯಾರಾದರೂ ಚಾಕು ತೋರಿಸಿ ಅಲಾರಂ ಆಫ್ ಮಾಡಿಸಿದರೆ ಅದನ್ನು ಒತ್ತಬೇಕು. ಅಲಾರಂ ಆಫ್ ಆದಂತೆ ಕಾಣುತ್ತದೆ, ಒಳಗಿಂದ ಸದ್ದಿಲ್ಲದೆ ಸುದ್ದಿ ಹೋಗುತ್ತದೆ. ಒಂಟಿಯಾಗಿರುವ ಎಷ್ಟು ಹಿರಿಯರ ಮನೆಯಲ್ಲಿ ಈ ಸೌಲಭ್ಯ ಗೋಡೆ ಮೇಲೆಯೇ ಇದ್ದೂ ಅವರಿಗೆ ಗೊತ್ತಿಲ್ಲವೋ!

ಹೊಸದಾಗಿ ಹಾಕಿಸುವವರು ಕೊಟೇಶನ್ನಿನಲ್ಲೇ ಒಂದು ಸಾಲು ಬರೆಸಿ: ಮಾಸ್ಟರ್ ಕೋಡ್, ಇನ್‌ಸ್ಟಾಲರ್ ಕೋಡ್, ಎರಡೂ ಮ್ಯಾನುವಲ್, ಝೋನ್ ಪಟ್ಟಿ ಕೊಟ್ಟ ಮೇಲೆಯೇ ಕೊನೆಯ ಕಂತು, ಲಾಕ್‌ಔಟ್ ಹಾಕುವಂತಿಲ್ಲ. ಕ್ಯಾಮೆರಾ ಇದ್ದರೆ ಡಿವಿಆರ್ ಅನ್ನು ನಿಮ್ಮ ಮೊಬೈಲ್ ನಂಬರಿನ ಖಾತೆಗೇ ಸೇರಿಸಬೇಕು, ಅವರ ಖಾತೆಗಲ್ಲ ಅಂತಲೂ ಸೇರಿಸಿ. ಕೊಡುವಾಗ ಸುಮ್ನೆ ಚೀಟಿ ಇಸಕೊಳ್ಳಬೇಡಿ, ನಿಮ್ಮೆದುರೇ ಆ ಕೋಡ್ ಒತ್ತಿ ಪ್ರೋಗ್ರಾಂ ಮೋಡಿಗೆ ಹೋಗಿ ತೋರಿಸಲಿ. ನೆಟ್ಟಗೆ ಕೆಲಸ ಮಾಡುವವರು ಇದಕ್ಕೆಲ್ಲ ಖುಷಿಯಿಂದ ಒಪ್ಪುತ್ತಾರೆ, ನಮ್ಮೂರಲ್ಲೂ ಅಂಥವರಿದ್ದಾರೆ. ಒಪ್ಪದವರಿಗೆ ಅಡ್ವಾನ್ಸ್ ಕೊಡಬೇಡಿ.